ವಾಲ್ವ್ ರೇಡಿಯೊಗೆ ಹೊಸ ಹಾಡು

ಅಮೆರಿಕದ 1955ರ ಷೆವ್ರೊಲೆ ಕಾರಿನ ವಾಲ್ವ್ ರೇಡಿಯೊದಲ್ಲಿ ಮೊಬೈಲಿನ ಹಾಡು ಹೊಮ್ಮಿಸುವ ಕೈಗಳನ್ನು ಎಷ್ಟು ಹೊಗಳಿದರೂ ಸಾಲದು. ಆ ರೇಡಿಯೊ ಗುಂಡಿ ತಿರುವಿದೊಡನೆ ಹಾಡುವುದಿಲ್ಲ. ಮೊದಲು ವೈಬ್ರೇಟರಿನ ಗುಂಯ್ ಸದ್ದು: ಬ್ಯಾಟರಿಯ 12 ವೋಲ್ಟನ್ನು ಕಡಿಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಟ್ಟು, 200ರ ಆಸುಪಾಸಿಗೆ ಏರಿಸುವ ದುಡಿಮೆ ಅದು. ವಾಲ್ವುಗಳ ಒಡಲು ಕೆಂಪಗೆ ಕಾದು, ಬಿಸಿ ದೂಳಿನ ವಾಸನೆ ಹಬ್ಬಿದ ಮೇಲೆಯೇ ದನಿ.

ಬಲ್ಲ ಕಸುಬುದಾರ ರೇಡಿಯೊದ ಮುಖವನ್ನು ಮುಟ್ಟುವುದೇ ಇಲ್ಲ, ಹೊಸ ತೂತು ಕೊರೆಯುವುದಿಲ್ಲ. ಡಿಟೆಕ್ಟರಿನಿಂದ ವಾಲ್ಯೂಮ್ ಕಂಟ್ರೋಲಿಗೆ ಬರುವ ಒಂದೇ ಒಂದು ತಂತಿಯನ್ನು ಹುಡುಕಿ, ಅದರ ನಡುವೆ ಸ್ವಿಚ್ ಇರುವ ಜಾಕ್ ಸೇರಿಸಿ ಗ್ಲೋವ್ ಬಾಕ್ಸಿನಲ್ಲಿ ಅಡಗಿಸುತ್ತಾನೆ. ಪಿನ್ನು ಚುಚ್ಚಿದರೆ ಫೋನಿನ ಹಾಡು, ಕಿತ್ತರೆ ಮತ್ತೆ ಮೀಡಿಯಂ ವೇವ್. ಸ್ಟೀರಿಯೊದ ಎಡ, ಬಲ ದನಿಗಳು ಎರಡು ರೆಸಿಸ್ಟರುಗಳ ಮೂಲಕ ಬೆರೆತು ಒಂದಾಗುತ್ತವೆ. ರೇಡಿಯೊದ ಡಿಸಿ ಫೋನಿಗೆ ಹಾಯದಂತೆ ಪುಟ್ಟ ಕೆಪಾಸಿಟರೊಂದು ತಡೆಯುತ್ತದೆ. ಗುಂಯ್ ಸದ್ದು ಸೇರಬಾರದೆಂದು ತಂತಿಗೆ ಲೋಹದ ಹೆಣಿಗೆಯ ಕವಚ. ಎಂಥ ನಾಜೂಕು! ಬೇಡವಾದ ದಿನ ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಬಹುದು.

ನಿಮ್ಮ ಮನೆಯಲ್ಲೂ ಅಂಥ ಕಾರಿದ್ದರೆ, ರೇಡಿಯೊ ಕಿತ್ತೆಸೆಯುವ ಮುನ್ನ ಒಮ್ಮೆ ಬಲ್ಲವರಿಗೆ ತೋರಿಸಿ.