ಶೌರ್ಯ ಮತ್ತು ತ್ಯಾಗ: ಬೇಗೂರಿನ ಶಾಸನಗಳು ಹಾಗೂ ಆದಿಪುರಾಣ

ಇಂದಿನ ಇಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ದೊರೆತ ಗಂಗರ ಕಾಲದ ಶಾಸನಗಳಲ್ಲಿ ಎರಡು ಗಮನಾರ್ಹ. ಸುಮಾರು ಕ್ರಿ.ಶ. 890ರದೆನ್ನಲಾದ ಒಂದು, ನಾಗತ್ತರನ ಮಗ ಬುಟ್ಟಣಸೆಟ್ಟಿ ಬೆಂಗಳೂರ ಕಾಳಗದಲ್ಲಿ ಮಡಿದುದನ್ನು ತಿಳಿಸುತ್ತದೆ. ಇನ್ನೊಂದು, ಅದೇ ನಾಗತ್ತರನ ಮಗಳು ತೊಂಡಬ್ಬೆಯ ಸಲ್ಲೇಖನವನ್ನು. ಮೊದಲನೆಯದನ್ನು ನಗರದ ಹೆಸರಿಗಾಗಿ ಎಲ್ಲರೂ ಉಲ್ಲೇಖಿಸುತ್ತಾರೆ; ಎರಡನೆಯದನ್ನು ನೆನೆಯುವವರು ವಿರಳ.

ಒಂದೇ ಮನೆಯ ಈ ಮರಣಗಳಲ್ಲಿ ಒಂದನ್ನು ಶೌರ್ಯವೆಂದೂ ಮತ್ತೊಂದನ್ನು ಬರಿಯ ವೈರಾಗ್ಯವೆಂದೂ ವಿಂಗಡಿಸುವ ರೂಢಿ ಪಂಪನ ಆದಿಪುರಾಣದ (ಕ್ರಿ.ಶ. 941) ಮುಂದೆ ನಿಲ್ಲದು. ಬಾಹುಬಲಿ ದೃಷ್ಟಿ, ಜಲ, ಮಲ್ಲಯುದ್ಧಗಳು ಮೂರರಲ್ಲಿಯೂ ಗೆದ್ದವನು. ಸೋತವನು ತೊರೆದಿದ್ದರೆ ಅದು ನಿರುಪಾಯವೆನಿಸುತ್ತಿತ್ತು. ಗೆದ್ದ ನೆಲವನ್ನೇ ಸೋತ ಅಣ್ಣನಿಗೆ ಬಿಟ್ಟು ನಡೆದುದರಿಂದ ವೀರವು ಶಾಂತದೊಳಗೂ ಕುಂದದೆ ಉಳಿದಿದೆ. ಆದರೂ ಆ ಗೆದ್ದವನ ಮನದ ಮುಳ್ಳು, ಭರತನೇ ಬಂದು ಎರಗುವವರೆಗೆ, ಕಳೆಯಲಿಲ್ಲ.