ಬೇಸ್ ಬಾಕ್ಸ್ ಮುಂದೆ ಕರ್ಣನ ಮಾತು

ಹಳ್ಳಿಯ ಪೌರಾಣಿಕ ನಾಟಕದ ಕರಪತ್ರದಲ್ಲಿ ಭೀಮ, ದುರ್ಯೋಧನ, ಕರ್ಣರ ಪಾತ್ರಧಾರಿಗಳ ಫೋಟೊಗಳಿರುತ್ತವೆ. ಹಾರ್ಮೋನಿಯಂ ಮೇಷ್ಟ್ರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಕಟ್ಟಕಡೆಗೆ, ಸಣ್ಣದಾಗಿ, ‘ಧ್ವನಿವರ್ಧಕ ಮತ್ತು ದೀಪಾಲಂಕಾರ’ ಎಂಬ ಸಾಲು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ನಾಟಕಗಳ ಬಗ್ಗೆ ಮಾತಾಡುವಾಗ ನಾವು ಈ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಮದುವೆಗೆ, ಗಣೇಶನ ಮೆರವಣಿಗೆಗೆ ಡಿಜೆ ಕಟ್ಟುವವರೂ ಬಹುಮಟ್ಟಿಗೆ ಇವರೇ. ಕುಣಿತಕ್ಕೆ ಕಟ್ಟಿದ ಪೆಟ್ಟಿಗೆಗಳಲ್ಲೇ ಮತ್ತೊಂದು ರಾತ್ರಿ ‘ಕುರುಕ್ಷೇತ್ರ’ವನ್ನೂ ಕೇಳಬೇಕಾಗಿ ಬಂದಾಗ ನಾಟಕಕ್ಕೆ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ.

ಡಿಜೆಯನ್ನು ಗದ್ದಲ ಎಂದು ಬಯ್ದು ಮುಗಿಸುವುದು ಸುಲಭ. ಅದರಲ್ಲೂ ಒಳ್ಳೆಯ ಕೆಲಸ, ಕೆಟ್ಟ ಕೆಲಸ ಎಂಬುದಿದೆ. ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಕೆಳಗೆ 18 ಇಂಚಿನ ಬೇಸ್ ಬಾಕ್ಸ್‌ಗಳು, ಅವುಗಳ ಮೇಲೆ ಟಾಪ್‌ಗಳು, ಹಿಂದೆ ಆಂಪ್ಲಿಫೈಯರ್‌ಗಳ ರ‍್ಯಾಕ್, ಜನರೇಟರ್. ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಕ್ರಾಸ್‌ಓವರ್ ಬೇಸ್‌ಗೆ ಕಳಿಸುತ್ತದೆ, ಉಳಿದದ್ದನ್ನು ಟಾಪ್‌ಗೆ. ನುರಿತವನು ಮಿಕ್ಸರನ್ನು ಮೊದಲು ಆನ್ ಮಾಡಿ ಆಂಪ್ಲಿಫೈಯರನ್ನು ಕೊನೆಗೆ ಆನ್ ಮಾಡುತ್ತಾನೆ. ಆಫ್ ಮಾಡುವಾಗ ತಿರುಗಾಮುರುಗಾ. 8 ಓಮ್‌ನ ಎರಡು ಬಾಕ್ಸ್‌ಗಳನ್ನು ಪ್ಯಾರಲಲ್ ಆಗಿ ಸೇರಿಸಿದರೆ 4 ಓಮ್, ನಾಲ್ಕನ್ನು ಸೇರಿಸಿದರೆ 2 ಓಮ್ ಎಂಬ ಲೆಕ್ಕ ಅವನ ತಲೆಯಲ್ಲಿರುತ್ತದೆ. ಬೇಸ್ ಬಾಕ್ಸ್‌ಗಳನ್ನು ಎಡಕ್ಕೆರಡು ಬಲಕ್ಕೆರಡು ಇಟ್ಟರೆ ನೋಡಲು ಚೆಂದ. ಆದರೆ ಎರಡು ಕಡೆಯ ಅಲೆಗಳು ಅಲ್ಲಲ್ಲಿ ಒಂದನ್ನೊಂದು ನುಂಗಿಹಾಕಿ, ಕುಣಿಯುವವರಲ್ಲಿ ಕೆಲವರಿಗೆ ಏಟು ಎದೆಗೆ ಬಡಿದರೆ ಇನ್ನು ಕೆಲವರಿಗೆ ಏನೂ ತಾಕುವುದಿಲ್ಲ. ಬಲ್ಲವನು ಎಲ್ಲವನ್ನೂ ಒಂದೇ ಕಡೆ ಒಟ್ಟುತ್ತಾನೆ.

ಕೆಟ್ಟ ಕೆಲಸ ಶುರುವಾಗುವುದು ಪೈಪೋಟಿಯಲ್ಲಿ. ‘ಅಣ್ಣ, ಇನ್ನೂ ವಸಿ ಬೇಸ್ ಕೊಡಣ್ಣ’ ಎಂದು ಹುಡುಗರು ಕೂಗುತ್ತಲೇ ಇರುತ್ತಾರೆ. ಆಂಪ್ಲಿಫೈಯರಿನ ವ್ಯಾಟ್ ಇಮ್ಮಡಿಯಾದರೂ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ‘ಎರಡರಷ್ಟಾಯಿತು’ ಅನ್ನಿಸಬೇಕಾದರೆ ಹತ್ತಿರಹತ್ತಿರ ಹತ್ತು ಪಟ್ಟು ವ್ಯಾಟ್ ಬೇಕು. ಅಷ್ಟು ದುಡ್ಡು ಯಾರ ಬಳಿ ಇದೆ? ಇದ್ದುದನ್ನೇ ಮಿತಿಮೀರಿ ತಿರುಗಿಸಿದಾಗ ಸದ್ದು ಒಡೆಯುತ್ತದೆ, ಟಾಪ್‌ನ ಡ್ರೈವರ್ ಸುಡುತ್ತದೆ. ಆಮೇಲೆ ಕೇಳುವುದು ಬರೀ ಬೇಸ್.

ಈ ಸೆಟ್ಟೇ ನಾಟಕಕ್ಕೆ ಬಂದರೆ? ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಸ್ವರ ಎಳೆಯುತ್ತದೆ, ಬಯಲಲ್ಲಿ ತೇಲುತ್ತದೆ. ಆದರೆ ಪದವನ್ನು ಪದವಾಗಿಸುವ ಸ, ಶ, ತ, ಕಗಳ ಗುರುತು ಇರುವುದು ಮೇಲಿನ ಪಟ್ಟಿಯಲ್ಲಿ, 2000 ಹರ್ಟ್ಸ್‌ನಿಂದಾಚೆಗೆ. ಬೇಸ್ ಆ ಗುರುತನ್ನು ಮುಚ್ಚಿಬಿಡುತ್ತದೆ. ಹಳೆಯ ಹಾರನ್ ಸ್ಪೀಕರಿಗೆ ಬೇಸ್ ಬರುತ್ತಲೇ ಇರಲಿಲ್ಲ. ಅದರದು ಮೂಗಿನ ದನಿ, ಸಂಗೀತಕ್ಕೆ ಅನ್ಯಾಯ. ಆದರೆ ಗದ್ದೆಯಾಚೆ ಕೂತವನಿಗೂ ಮಾತು ಮುಟ್ಟುತ್ತಿತ್ತು. ಹಾರನ್ನೇ ಮೇಲು ಎಂದು ಹಳೆಯದನ್ನು ಹಾಡಿಹೊಗಳುವ ಆಸೆ ನನಗಿಲ್ಲ. ಅದು ತಿಳಿಯದೆಯೇ ಮಾತಿನ ಪರವಾಗಿತ್ತು, ಅಷ್ಟೆ.

ಕಾವ್ಯಮೀಮಾಂಸೆಯ ತರಗತಿಯಲ್ಲಿ ಆನಂದವರ್ಧನನ ‘ಧ್ವನಿ’ಯನ್ನು ನಾವೆಲ್ಲ ಓದಿದ್ದೇವೆ. ಕರಪತ್ರದ ‘ಧ್ವನಿವರ್ಧಕ’ದಲ್ಲೂ ಅದೇ ಶಬ್ದವಿರುವುದು ತಮಾಷೆಯಾಗಿ ಕಾಣಬಹುದು. ಆದರೆ ವಾಚ್ಯಾರ್ಥದ ಬೆನ್ನಿಗೇ ವ್ಯಂಗ್ಯಾರ್ಥ ಹೊಳೆಯಬೇಕು. ಕುಂತಿಯ ಮುಂದೆ ನಿಂತ ಕರ್ಣ ಆಡಿದ ಮಾತೇ ಕಿವಿಗೆ ಬೀಳದಿದ್ದರೆ ಹೊಳೆಯುವುದೇನು? ಆ ಕರ್ಣ ಕಾಸು ಕೊಟ್ಟು ಪಾತ್ರ ಪಡೆದಿರುತ್ತಾನೆ. ಕಬ್ಬಿಗೆ ನೀರು ಕಟ್ಟಿ ಬಂದು ರಾತ್ರಿಯೆಲ್ಲ ತಾಲೀಮು ಮಾಡಿ, ಕಂದಗಳನ್ನು ಬಾಯಿಪಾಠ ಮಾಡಿರುತ್ತಾನೆ.

ಈ ನಾಟಕಗಳ ಮೇಲೆ ಓದಿದವರ ಒಂದು ದೂರೂ ಇದೆ: ನಟರು ಅಲ್ಲಾಡುವುದಿಲ್ಲ, ನಿಂತಲ್ಲೇ ನಿಂತು ಹಾಡುತ್ತಾರೆ ಎಂದು. ಮೇಲೆ ನೋಡಿದರೆ ಕಾರಣ ಅಲ್ಲೇ ನೇತಾಡುತ್ತಿದೆ. ಮೈಕ್‌ನಿಂದ ಬಾಯಿಗಿರುವ ದೂರ ಇಮ್ಮಡಿಯಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಇಳಿದದ್ದನ್ನು ತುಂಬಲು ವಾಲ್ಯೂಮ್ ಏರಿಸಿದರೆ ಸ್ಪೀಕರಿನ ಸದ್ದು ಮೈಕಿಗೇ ಮರಳಿ ‘ಕುಂಯ್’ ಎನ್ನುತ್ತದೆ. ಹಾಗಾಗಿ ಭೀಮನೂ ಮೈಕ್ ಹುಡುಕಿಕೊಂಡು ಬಂದು ನಿಲ್ಲುತ್ತಾನೆ. ನಾವು ಶೈಲಿ ಎಂದೋ ದೋಷ ಎಂದೋ ಬರೆದದ್ದರಲ್ಲಿ ಅರ್ಧದಷ್ಟಾದರೂ ತಂತಿಯ ಉದ್ದಕ್ಕೆ ಸೇರಿದ್ದು.

ಇನ್ನು ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಅದೂ 12 ಗಂಟೆಯವರೆಗೆ, ಸಡಿಲಿಕೆ ಕೊಡಬಹುದು. ಬೆಳಗಿನ ಜಾವದವರೆಗೆ ನಡೆಯುವ ‘ಕುರುಕ್ಷೇತ್ರ’ ಇದರಲ್ಲಿ ಹಿಡಿಸುವುದಿಲ್ಲ. ನಾಟಕ ಇದುವರೆಗೆ ನಡೆದುಬಂದಿರುವುದು ಊರಿನವರ ಸಹನೆಯ ಮೇಲೆ. ಗೋಡೆ ದಾಟಿ ಮಲಗಿದವರ ಎದೆ ನಡುಗಿಸುವುದು ಬೇಸ್. ಟಾಪ್‌ನ ಮಾತನ್ನು ಮುಚ್ಚಿದ ಕಿಟಕಿಯೇ ಬಹುಪಾಲು ತಡೆಯುತ್ತದೆ. ಡಿಜೆ ಮೇಲಿನ ಸಿಟ್ಟು ಒಂದು ದಿನ ನಾಟಕದ ಮೇಲೆ ಬಿದ್ದರೆ ಆಶ್ಚರ್ಯವಿಲ್ಲ.

ನಾಟಕದ ರಾತ್ರಿ ಮಾಡಬೇಕಾದ್ದು ಬೆಟ್ಟದಂಥ ಕೆಲಸವೇನಲ್ಲ. ಬೇಸ್ ಬಾಕ್ಸ್‌ಗಳ ತಂತಿ ಕಳಚಬೇಕು. ಮಿಕ್ಸರಿನಲ್ಲಿ ಪ್ರತಿ ಮೈಕಿಗೂ ಲೋ-ಕಟ್ ಒತ್ತಬೇಕು. ಟಾಪ್‌ಗಳನ್ನು ಮೈಕ್‌ಗಳಿಗಿಂತ ಮುಂದಕ್ಕಿಟ್ಟು, ತಲೆಗಳಿಗಿಂತ ಮೇಲೆತ್ತಿ, ಕೂತವರ ಕಡೆ ಬಾಗಿಸಬೇಕು. ಹಿಂದಿನವರಿಗಾಗಿ ಮೈದಾನದ ನಡುವೆ ಎರಡು ಸಣ್ಣ ಬಾಕ್ಸ್ ಸಾಕು; 34 ಮೀಟರ್ ಆಚೆಗಿಟ್ಟರೆ ಅವುಗಳ ಸದ್ದನ್ನು ಸೆಕೆಂಡಿನ ಹತ್ತನೇ ಒಂದು ಭಾಗ ತಡಮಾಡಿಸಬೇಕು, ಇಲ್ಲದಿದ್ದರೆ ಒಂದೇ ಮಾತು ಎರಡು ಸಲ ಕೇಳುತ್ತದೆ. ಡಿಜೆ ಕಟ್ಟಬಲ್ಲವನಿಗೆ ಇದೆಲ್ಲ ಗೊತ್ತು. ನಾಟಕಕ್ಕೆ ಹೀಗೆ ಕಟ್ಟಪ್ಪ ಎಂದು ಅವನನ್ನು ಕೇಳುವವರಿಲ್ಲ. ವಿಮರ್ಶೆ ಬರೆಯುವ ನಾವೂ ಮುಂದಿನ ಸಾಲಿನ ಕುರ್ಚಿ ಬಿಟ್ಟು ಒಂದು ಅಂಕವನ್ನಾದರೂ ಹಿಂದೆ, ಕಡಲೆಕಾಯಿ ಗಾಡಿಯ ಪಕ್ಕ ನಿಂತು ಕೇಳಿದ್ದರೆ, ಅವನನ್ನು ಕೇಳಬೇಕೆಂದು ನಮಗಾದರೂ ಹೊಳೆಯುತ್ತಿತ್ತು.