ಇಪ್ಪತ್ತು ವರ್ಷ ತಡವಾದ ಮಿಜೋ ಒಪ್ಪಂದ

ಪ್ರತ್ಯೇಕತೆಯ ಕೂಗಿಗೆ ಸರ್ಕಾರ ಹೇಗೆ ಸ್ಪಂದಿಸಬೇಕು ಎಂಬ ಮಾತು ಬಂದಾಗಲೆಲ್ಲ 1986ರ ಜೂನ್ 30ರ ಮಿಜೋ ಒಪ್ಪಂದವನ್ನು ಮಾದರಿಯೆಂದು ಮುಂದಿಡುವುದುಂಟು. ಮೆಚ್ಚಲು ಕಾರಣವೂ ಇದೆ. ಬಂಡುಕೋರರು ಬಂದೂಕು ಕೆಳಗಿಟ್ಟರು. ಕಾಂಗ್ರೆಸ್ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ಕುರ್ಚಿ ಬಿಟ್ಟುಕೊಟ್ಟರು. ಅಲ್ಲಿಯವರೆಗೆ ದೇಶದ್ರೋಹಿ ಎನಿಸಿಕೊಂಡಿದ್ದ ಬಂಡುಕೋರರ ನಾಯಕ ಲಾಲ್‌ಡೆಂಗಾ ಅದರಲ್ಲಿ ಕೂತರು. ಮರುವರ್ಷ ಮಿಜೋರಾಂ ರಾಜ್ಯವಾಯಿತು. ಆದರೆ ಇದು ದೆಹಲಿಯ ತಾಳ್ಮೆಗೆ ಸಿಕ್ಕ ಫಲ ಎನ್ನುವವರು ಅಲ್ಲಿ ಕೊಟ್ಟದ್ದೇನು ಎಂಬುದನ್ನು ನೋಡಬೇಕು. ಒಪ್ಪಂದದ ತಿರುಳು ಸಂವಿಧಾನದ 371ಜಿ ವಿಧಿಯಲ್ಲಿದೆ: ಮಿಜೋಗಳ ಧಾರ್ಮಿಕ, ಸಾಮಾಜಿಕ ಆಚರಣೆ, ರೂಢಿಯ ಕಾನೂನು, ಭೂಮಿಯ ಒಡೆತನದ ಬಗ್ಗೆ ಸಂಸತ್ತು ಮಾಡುವ ಕಾಯಿದೆ ಅಲ್ಲಿನ ವಿಧಾನಸಭೆ ಒಪ್ಪದ ಹೊರತು ಜಾರಿಯಾಗದು. ನಾಗಾಲ್ಯಾಂಡಿಗೆ ಹೆಚ್ಚುಕಡಿಮೆ ಇದೇ ರಕ್ಷಣೆ 371ಎ ಮೂಲಕ 1963ರಲ್ಲೇ ಸಿಕ್ಕಿತ್ತು. ಸಮೀಪದ ಬೆಟ್ಟಕ್ಕೆ ಸಂದದ್ದು ಈ ಬೆಟ್ಟಕ್ಕೆ ದಕ್ಕಲು ಎರಡು ದಶಕದ ರಕ್ತಪಾತ ಬೇಕಾಯಿತೆಂದರೆ, ಅದು ತಾಳ್ಮೆಯಲ್ಲ, ಉದಾಸೀನ.

ಬಂದೂಕು ಹಿಡಿದವರಿಗೆ ಬಹುಮಾನ ಕೊಟ್ಟಂತಾಯಿತಲ್ಲ ಎಂಬುದು ಹಳೆಯ ಆಕ್ಷೇಪ. ಬಂದೂಕಿಗೆ ಮೊದಲು ಮನವಿ ಬಂದಿತ್ತು. ಬಿದಿರು ಹೂಬಿಟ್ಟರೆ ಇಲಿಗಳು ಹೆಚ್ಚಿ ಬೆಳೆ ತಿಂದು ಬರ ಬರುತ್ತದೆಂದು ಮಿಜೋ ಜಿಲ್ಲಾ ಪರಿಷತ್ತು ಆಗ ಆ ಬೆಟ್ಟಗಳನ್ನು ಆಳುತ್ತಿದ್ದ ಅಸ್ಸಾಂ ಸರ್ಕಾರಕ್ಕೆ ಮೊದಲೇ ಎಚ್ಚರಿಸಿತ್ತು. ಸರ್ಕಾರ ಅದನ್ನು ಕಾಡುಜನರ ಮೂಢನಂಬಿಕೆ ಎಂದು ತಳ್ಳಿಹಾಕಿತು. 1959ರಲ್ಲಿ ಬರ ಬಂದೇ ಬಂತು. ಆಗ ಅಕ್ಕಿ ಹೊತ್ತು ಹಳ್ಳಿ ಹಳ್ಳಿಗೆ ನಡೆದ ಪರಿಹಾರ ಸಂಘಟನೆಯೇ 1961ರಲ್ಲಿ ಲಾಲ್‌ಡೆಂಗಾ ಅವರ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. ಸೇನೆ ಬಗ್ಗುಬಡಿಯದಿದ್ದರೆ ಲಾಲ್‌ಡೆಂಗಾ ಮಾತುಕತೆಗೆ ಬರುತ್ತಿದ್ದರೇ ಎಂಬುದು ಇನ್ನೊಂದು, ಹೆಚ್ಚು ಗಟ್ಟಿಯಾದ ಪ್ರಶ್ನೆ. 1966ರ ಫೆಬ್ರುವರಿ ಕೊನೆಯಲ್ಲಿ ಫ್ರಂಟ್ ಠಾಣೆ, ಖಜಾನೆಗಳ ಮೇಲೆ ದಾಳಿ ಮಾಡಿದಾಗ ಯಾವ ಸರ್ಕಾರವೂ ಕೈಕಟ್ಟಿ ಕೂರಲಾರದು, ನಿಜ. ಆದರೆ ಮಾರ್ಚ್ 5ರಂದು ವಾಯುಪಡೆ ಐಜಾಲ್ ಪಟ್ಟಣದ ಮೇಲೆಯೇ ಬಾಂಬ್ ಹಾಕಿತು. ಮರುವರ್ಷದಿಂದ ನೂರಾರು ಹಳ್ಳಿಗಳನ್ನು ಎಬ್ಬಿಸಿ, ಮನೆ, ಕಣಜ ಸುಟ್ಟು, ಜನರನ್ನು ಬೇಲಿಯೊಳಗಿನ ಹೊಸ ಊರುಗಳಿಗೆ ದೂಡಲಾಯಿತು. ಬಂಡಾಯಕ್ಕೆ ಸೇರದವರೂ ಸರ್ಕಾರವನ್ನು ದ್ವೇಷಿಸಲು ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. ಇಷ್ಟಾದರೂ ಬಂಡಾಯ ಮತ್ತೆ ಇಪ್ಪತ್ತು ವರ್ಷ ಉಳಿಯಿತು.

ಒಪ್ಪಂದ ಬಾಳಿಕೆ ಬಂದದ್ದು ಅದು ನಿಜವಾದ ಅಧಿಕಾರ ಕೊಟ್ಟಿದ್ದರಿಂದ. 1989ರ ಚುನಾವಣೆಯಲ್ಲಿ ಫ್ರಂಟ್ ಸೋತಾಗ ಅದರ ಕಾರ್ಯಕರ್ತರು ಕಾಡಿಗೆ ಮರಳಲಿಲ್ಲ. ವಿರೋಧ ಪಕ್ಷದಲ್ಲಿ ಕೂತು, 1998ರಲ್ಲಿ ಮತ ಪಡೆದೇ ಗದ್ದುಗೆಗೆ ಬಂದರು. ಈ ಒಂದು ಸಂಗತಿಗಾಗಿಯೇ ಒಪ್ಪಂದ ಮೆಚ್ಚುಗೆಗೆ ಅರ್ಹ. ಅದರ ದೊಡ್ಡ ಕೊರತೆ ಬೇರೆ ಕಡೆ ಇದೆ. 1966ರಲ್ಲಿ ಮತ್ತು ಆನಂತರ ಸತ್ತವರ ವಾರಸುದಾರರಿಗೆ ಪರಿಹಾರಧನ ಕೊಡುವುದನ್ನು ಪರಿಗಣಿಸಲಾಗುವುದು ಎಂದು ಅದು ಹೇಳುತ್ತದೆ. ಆದರೆ ನಡೆದದ್ದನ್ನೆಲ್ಲ ಗಲಭೆ ಎಂದು ಕರೆದು, ಬಾಂಬ್ ಹಾಕಿದವರು ಯಾರೆಂಬುದನ್ನು ಹೇಳದೆ ಬಿಡುತ್ತದೆ.